ಪಾದದ ಬೊಬ್ಬೆ: ಒಡೆಯಬೇಕೋ, ಬಿಡಬೇಕೋ?

ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟ ಹಲವರಿಗೆ ಚಾರ್ಮಾಡಿ ಘಾಟಿ ಇಳಿಯುವಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ.

ಬಿಡುವುದು: ಬೊಬ್ಬೆ ಚಿಕ್ಕದಿದ್ದು ನೋವಿಲ್ಲದಿದ್ದರೆ ಇದೇ ಸರಿ. ಮೇಲಿನ ಚರ್ಮವೇ ಗಾಯಕ್ಕೆ ಒಳ್ಳೆಯ ಪಟ್ಟಿ. ಉಜ್ಜದಂತೆ ಪ್ಲಾಸ್ಟರ್ ಅಂಟಿಸಿ, ಒಣ ಕಾಲುಚೀಲ ಹಾಕಿಕೊಳ್ಳಿ.

ಒಡೆಯುವುದು: ಹೆಜ್ಜೆ ಊರಲಾಗದಷ್ಟು ದೊಡ್ಡದಾದರೆ ಮಾತ್ರ. ಕೈ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ, ಪಟ್ಟಿ ಕಟ್ಟಿ. ಚರ್ಮ ಮಾತ್ರ ಕೀಳಬೇಡಿ, ದಯವಿಟ್ಟು. ಕೆಲವರು ದಾರ ಪೋಣಿಸಿ ಒಳಗೇ ಬಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ, ದಾರದ ಜೊತೆ ಕೊಳೆಯೂ ಒಳಗಿಳಿದು ಕೀವಾಗಬಹುದು.

ಸಕ್ಕರೆ ಕಾಯಿಲೆ ಇದ್ದವರು ತಾವೇ ಚುಚ್ಚಿಕೊಳ್ಳಲೇಬಾರದು. ಸುತ್ತ ಕೆಂಪು ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ ಯಾರೇ ಆಗಲಿ ನಡಿಗೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಉಳಿದ ದಾರಿಗೆ ಬಸ್ಸಿದೆ.