ಸಂಗೀತ ಪದವಿ ಆಯ್ತು: ಸೇನೆಯ ಬ್ಯಾಂಡೋ, ಊರಿನ ಪಾಠ-ಕಚೇರಿಯೋ?

ಮೊದಲು ವಯಸ್ಸು ನೋಡಿಕೊಳ್ಳಿ. ವಾಯುಪಡೆಯ ಅಗ್ನಿವೀರ್ ಸಂಗೀತಗಾರರ ಭರ್ತಿಗೆ ಎಸ್ಸೆಸ್ಸೆಲ್ಸಿ ಸಾಕು, ಆದರೆ ವಯೋಮಿತಿ 21ರ ಆಸುಪಾಸು. ರಾಯಚೂರಲ್ಲಿ ಪದವಿ ಮುಗಿಸಿಯೇ ಅರ್ಜಿ ಹಾಕೋಣ ಎಂದು ಕೂತರೆ ಅವಕಾಶ ತಪ್ಪುತ್ತದೆ. ಎರಡನೇ ವರ್ಷದಲ್ಲೇ ಅಧಿಸೂಚನೆಯ ಜನ್ಮದಿನಾಂಕ ಪರಿಶೀಲಿಸಿ. ಸೇವೆ 4 ವರ್ಷ, ಕಾಯಂ ಆಗುವವರು ಶೇ. 25ರವರೆಗೆ ಮಾತ್ರ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಕೈಗೆ 21,000.

ಊರಲ್ಲಿ ಉಳಿದರೆ ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಯ ಪಾಠಗಳೇ ಆಧಾರ. ಮದುವೆ, ಜಾತ್ರೆಗಳ ಕಾಲಕ್ಕೆ ಕೈತುಂಬ ಕೆಲಸ, ಆಷಾಢದಲ್ಲಿ ಬಿಡುವು. ರಾಗವನ್ನು ಬಿಡಿಸಿ ನುಡಿಸುವ ಸ್ವಾತಂತ್ರ್ಯ ಇಲ್ಲಿ ದೊಡ್ಡದು. ಬ್ಯಾಂಡಿನಲ್ಲಿ ಅದಿಲ್ಲ, ಎಲ್ಲರೂ ಸ್ವರಲಿಪಿಯ ಹಾಳೆ ನೋಡಿ ಒಟ್ಟಿಗೆ ನುಡಿಸಬೇಕು.

ನಮ್ಮವರು ಎಡವುವುದು ಅಲ್ಲೇ. ಷಡ್ಜವನ್ನು (ಆಧಾರದ 'ಸ' ಸ್ವರ) ಬೇಕಾದಲ್ಲಿಟ್ಟು ಕಲಿತವರಿಗೆ, ಬಿ-ಫ್ಲಾಟ್ ಕ್ಲಾರಿನೆಟ್ಟಲ್ಲಿ ಹಾಳೆಯ 'ಸಿ' ಊದಿದರೆ 'ಬಿ-ಫ್ಲಾಟ್' ಕೇಳುವುದು ಗೊಂದಲ. ದಿನಾ ಅರ್ಧ ಗಂಟೆ ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಓದಿ. ವಾದ್ಯ ಶ್ರುತಿ ಮಾಡುವುದು, ಕೇಳಿದ ಸ್ವರ ಹಿಡಿಯುವುದು ಆಯ್ಕೆಯಲ್ಲೇ ಬರುತ್ತವೆ. ಬಳ್ಳಾರಿಯ ಬೇಸಿಗೆಯಲ್ಲಿ ಕ್ಲಾರಿನೆಟ್ ಶ್ರುತಿ ಏರುತ್ತದೆ. ಬ್ಯಾರೆಲ್ (ಊದುವ ತುದಿಯ ಕೆಳಗಿನ ಚಿಕ್ಕ ಕೊಳವೆ) ಒಂದು ಮಿ.ಮೀ. ಹೊರಗೆಳೆದು ನೋಡಿ. ಆಯ್ಕೆಗೆ ಬೇಕಾದ 1.6 ಕಿ.ಮೀ. ಓಟದ ಅಭ್ಯಾಸವೂ ಈಗಲೇ ಶುರುವಾಗಲಿ.