ರಾಸ್‌ಬೆರಿ ಪೈ 5: ಕರೆಂಟ್ ಲೆಕ್ಕ ಹಾಕಿ ನೋಡಿದೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 8 ಜಿಬಿಯ ರಾಸ್‌ಬೆರಿ ಪೈ 5 ಅನ್ನುವ ಅಂಗೈಯಗಲದ ಕಂಪ್ಯೂಟರ್ ತಗೊಂಡು ಎರಡು ತಿಂಗಳಾಯಿತು. ಸೂಪರ್‌ಕಂಪ್ಯೂಟರ್‌ಗಳಿಗೆ ಪರೀಕ್ಷೆ ಇಡುವ ಲಿನ್‌ಪ್ಯಾಕ್ ಇದೆಯಲ್ಲ, ಅದನ್ನೇ ಇದರ ಮೇಲೆ ಓಡಿಸಿ ಒಂದು ವ್ಯಾಟಿಗೆ ಎಷ್ಟು ಲೆಕ್ಕ ಮಾಡುತ್ತೆ ಅಂತ ನೋಡುವ ಹುಚ್ಚು ನನಗೆ. ಹೋಲಿಕೆಗೆ ಮನೆಯಲ್ಲಿ ಸುಮ್ನೆ ಬಿದ್ದಿದ್ದ ನಾಲ್ಕನೇ ತಲೆಮಾರಿನ ಇಂಟೆಲ್ ಐ5 ಚಿಪ್ಪಿನ ಡೆಸ್ಕ್‌ಟಾಪ್.

ಮೊದಲ ದಿನವೇ ಎಡವಟ್ಟು. ಅಂಗಡಿಯವನು "ಯಾವ ಸಿ-ಟೈಪ್ ಚಾರ್ಜರ್ ಆದ್ರೂ ನಡೆಯುತ್ತೆ ಸಾರ್" ಅಂತ ಒಂದು ಕೊಟ್ಟ, ನಂಬಿದೆ. ಲಿನ್‌ಪ್ಯಾಕ್ ಶುರುವಾಗಿ ಎರಡು ನಿಮಿಷಕ್ಕೆ ವೋಲ್ಟೇಜ್ ಕಮ್ಮಿ ಅನ್ನುವ ಎಚ್ಚರಿಕೆ ಬಂತು, ಹಿಂದೆಯೇ ರೀಬೂಟ್. 5.1 ವೋಲ್ಟ್, 5 ಆಂಪಿಯರ್ ಕೊಡುವ, 27 ವ್ಯಾಟ್ ಅಂತ ಮಾರುವ ಪೈಯದೇ ಚಾರ್ಜರ್ ಆದರೆ ಈ ತಲೆನೋವಿಲ್ಲ. ಮತ್ತೆ ಮೆಟ್ರೋ ಹತ್ತಿ ಹೋಗಿ ಅದನ್ನೂ ಒಂದು ಫ್ಯಾನನ್ನೂ ತಂದೆ. ಫ್ಯಾನ್ ಬಿಡಬೇಡಿ, 80 ಡಿಗ್ರಿ ದಾಟಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಪ್ಲಗ್ಗಿಗೆ ಮೀಟರ್ ಸಿಕ್ಕಿಸಿ ಅಳೆದೆ. ಪೈ 11 ವ್ಯಾಟ್ ತಿಂದು 29 ಗಿಗಾಫ್ಲಾಪ್ಸ್ ಕೊಟ್ಟಿತು (ಒಂದು ಗಿಗಾಫ್ಲಾಪ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ಲೆಕ್ಕ). ಐ5 ತಿಂದದ್ದು 110 ವ್ಯಾಟ್, ಕೊಟ್ಟದ್ದು 160ರ ಆಸುಪಾಸು. ಅಂದರೆ ವ್ಯಾಟಿಗೆ 2.6 ಮತ್ತು 1.45. ಪೈ ಮತ್ತು ಮೊಬೈಲ್‌ಗಳಲ್ಲಿರುವ ಆರ್ಮ್ ಬಗೆಯ ಚಿಪ್ ಅಂದರೆ ಉಳಿತಾಯ, ಇಂಟೆಲ್, ಎಎಂಡಿಗಳ ಎಕ್ಸ್86 ಬಗೆ ಅಂದರೆ ಬಕಾಸುರ ಅಂತ ನಂಬಿಕೊಂಡಿದ್ದವನಿಗೆ ಇಷ್ಟೇನಾ ಅನ್ನಿಸಿತು. ಅದರಲ್ಲೂ ಐ5 ಚಿಪ್ 22 ನ್ಯಾನೋಮೀಟರ್ ಕಾಲದ್ದು, ಪೈಯದು 16 (ಈ ಅಂಕಿ ಕಮ್ಮಿಯಾದಷ್ಟೂ ತಯಾರಿಕೆ ಹೊಸದು, ಕರೆಂಟ್ ಉಳಿತಾಯ). ಹೊಸತನಕ್ಕೆ ಸಿಕ್ಕ ಅಂಕವನ್ನೂ ಆರ್ಮ್ ಖಾತೆಗೆ ಹಾಕಿದ ಹಾಗಾಯಿತು, ಅಲ್ವಾ?

ದೊಡ್ಡ ಯಂತ್ರಗಳಲ್ಲೂ ಇದೇ ಕಥೆ, ಉಳಿತಾಯ ಬರೀ ಆರ್ಮ್ ಅನ್ನುವ ಹೆಸರಿನಿಂದ ಬರಲ್ಲ. 2020ರಲ್ಲಿ ಜಗತ್ತಿಗೇ ಮೊದಲು ಬಂದ ಜಪಾನಿನ ಸೂಪರ್‌ಕಂಪ್ಯೂಟರ್ ಫುಗಾಕು ಪೂರ್ತಿ ಆರ್ಮ್, ಜಿಪಿಯು (ಸಾವಿರಾರು ಲೆಕ್ಕ ಒಟ್ಟಿಗೇ ಮಾಡುವ ಗ್ರಾಫಿಕ್ಸ್ ಚಿಪ್) ಇಲ್ಲ, ವ್ಯಾಟಿಗೆ ಸುಮಾರು 15 ಗಿಗಾಫ್ಲಾಪ್ಸ್. 2022ರ ಅಮೆರಿಕದ ಫ್ರಾಂಟಿಯರ್‌ನಲ್ಲಿರುವುದು ಎಎಂಡಿಯ ಎಕ್ಸ್86, ಆದರೂ 52 ದಾಟಿತು, ಯಾಕೆಂದರೆ ಅಲ್ಲಿ ಭಾರ ಹೊರುವುದು ಜಿಪಿಯುಗಳು. 2024ರಲ್ಲಿ, ವ್ಯಾಟಿಗೆ ಹೆಚ್ಚು ಲೆಕ್ಕ ಮಾಡುವ ಸೂಪರ್‌ಕಂಪ್ಯೂಟರ್‌ಗಳ ಗ್ರೀನ್500 ಪಟ್ಟಿಯ ತುದಿಗೇರಿದ ಜರ್ಮನಿಯ ಜೆಡಿ 72.7; ಅದರ ಸಿಪಿಯು ಆರ್ಮ್, ದುಡಿಮೆ ಮಾತ್ರ ಮತ್ತೆ ಜಿಪಿಯುವಿನದು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ (ಐಐಎಸ್‌ಸಿ) ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗದಲ್ಲೂ ಇಂಟೆಲ್‌ನ ಝಿಯಾನ್ ಪಕ್ಕದಲ್ಲಿ ಎನ್‌ವಿಡಿಯಾದ ಜಿಪಿಯು ಕಾರ್ಡುಗಳಿವೆ. ಜಿಪಿಯು ಇಲ್ಲದ ಫುಗಾಕುವಿನ ಚಿಪ್ಪಿಗೂ ಒಂದೇ ಏಟಿಗೆ ಹಲವು ಅಂಕಿ ಲೆಕ್ಕ ಹಾಕುವ 512 ಬಿಟ್ ಅಗಲದ ವೆಕ್ಟರ್, ಪಕ್ಕದಲ್ಲೇ ಅಂಟಿಸಿದ ವೇಗದ ಎಚ್‌ಬಿಎಂ ಮೆಮೊರಿ ಇದೆ. ಪೈಗೆ ಬರೀ 128 ಬಿಟ್. ಅದರ ಕೋರ್‌ಗಳು ಮೆಮೊರಿಯಿಂದ ಅಂಕಿ ಬರಲಿ ಅಂತ ರೇಷನ್ ಕ್ಯೂನಲ್ಲಿ ನಿಂತ ಹಾಗೆ ಕಾಯುತ್ತವೆ.

ಪೈ ನಿಜವಾಗಿ ಗೆಲ್ಲುವುದು ಕೆಲಸ ಇಲ್ಲದಾಗ. ಸುಮ್ನೆ ಕೂತಾಗ 3 ವ್ಯಾಟ್, ಐ5 ಅದೇ ಹೊತ್ತಲ್ಲಿ 38. ದಿನವಿಡೀ ಆನ್ ಇಟ್ಟರೆ ತಿಂಗಳಿಗೆ 2 ಯೂನಿಟ್ ಚಿಲ್ಲರೆ, ಅದಕ್ಕೆ 27. ಮನೆಯ ಸಣ್ಣ ಸರ್ವರ್‌ಗೆ ಕಣ್ಣು ಮುಚ್ಚಿ ತಗೊಳ್ಳಿ.

ನಾಲ್ಕು ಪೈ ಕಟ್ಟಿ ಕ್ಲಸ್ಟರ್ ಮಾಡೋಣ್ವಾ ಅಂತ ಗೆಳೆಯನೊಬ್ಬ ಹಿಂದೆ ಬಿದ್ದಿದ್ದಾನೆ. ಮಾಡಬಹುದು, ಕಲಿಯೋಕೆ ಚೆನ್ನಾಗಿರುತ್ತೆ. ಆದರೆ ಪೈಗಳನ್ನು ಜೋಡಿಸುವ ಗಿಗಾಬಿಟ್ ಕೇಬಲಿನಲ್ಲಿ ಹಾಳಾಗುವ ವೇಗವನ್ನು ಬಿಟ್ಟು ಲೆಕ್ಕ ಹಾಕಿದರೂ ನಾಲ್ಕೂ ಸೇರಿ 116 ಗಿಗಾಫ್ಲಾಪ್ಸ್, ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಐ5ನ 160ನ್ನೂ ಮುಟ್ಟಲ್ಲ.