ಫ್ಲೈವೇ: ಎರಡು ಕಾಫಿ ಸೀಸನ್ ಬಳಸಿದ ಮೇಲೆ

ಚಿಕ್ಕಮಗಳೂರಿನಲ್ಲಿ ನಾವು ನಾಲ್ಕು ಜನ ಕಾಫಿ ಕ್ಯೂರಿಂಗ್‌ನವರಿಗೆ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಕಾಳು ಮಾಡುವವರಿಗೆ) ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ್ದು) ಎಷ್ಟು ಬಂತು, ಚೆರಿ (ಹಣ್ಣಾಗಿಯೇ ಒಣಗಿಸಿದ್ದು) ಎಷ್ಟು, ಔಟ್‌ಟರ್ನ್ (ಅದರಿಂದ ಸಿಕ್ಕ ಕಾಳಿನ ಪ್ರಮಾಣ) ಎಷ್ಟು, ಎಲ್ಲಾ ಲೆಕ್ಕ ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸಿನ ಟೇಬಲ್‌ಗಳಲ್ಲಿದೆ. ಮೊದಲು ಟೇಬಲ್ ಬದಲಾಯಿಸುವುದೆಲ್ಲ ಕೈಯಲ್ಲೇ: ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ, ಟೆಸ್ಟ್ ಸರ್ವರ್‌ನಲ್ಲಿ ಒಮ್ಮೆ, ಕೊನೆಗೆ ಲೈವ್‌ನಲ್ಲಿ, ಅಂದರೆ ಗ್ರಾಹಕರು ನಿಜವಾಗಿ ಬಳಸುವ ಸರ್ವರ್‌ನಲ್ಲಿ. ಒಂದು ಜನವರಿ, ಕೊಯ್ಲು ಜೋರಾಗಿದ್ದಾಗ, ತೇವಾಂಶ ಬರೆಯುವ ಕಾಲಂ ಮೊದಲ ಎರಡು ಕಡೆ ಸೇರಿತ್ತು, ಲೈವ್‌ನಲ್ಲಿ ಸೇರಿರಲಿಲ್ಲ. ಬೆಳಿಗ್ಗೆಯೇ ಫೋನ್ ಬಂತು, ರಸೀದಿ ಪ್ರಿಂಟ್ ಆಗುತ್ತಿಲ್ಲ ಅಂತ. ಗೇಟಿನ ಮುಂದೆ ಮೂಟೆ ತುಂಬಿದ ಪಿಕಪ್‌ಗಳ ಸಾಲು, ಬೆಳೆಗಾರರು ಬಿಸಿಲಲ್ಲಿ ನಿಂತಿದ್ದರು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಆಮೇಲೆ ಫ್ಲೈವೇ ಹಾಕಿಕೊಂಡೆವು. ಡೇಟಾಬೇಸಿನ ಇಂಥ ಬದಲಾವಣೆಗಳನ್ನು ಎಲ್ಲಾ ಕಡೆ ಒಂದೇ ಕ್ರಮದಲ್ಲಿ ಓಡಿಸುವುದೇ ಅದರ ಕೆಲಸ. 2010ರಿಂದ ಇರುವ ಟೂಲ್, 2019ರಲ್ಲಿ ರೆಡ್‌ಗೇಟ್ ಕಂಪನಿ ಕೊಂಡುಕೊಂಡಿತು. ನಾವು ಬಳಸುವುದು ಉಚಿತ ಕಮ್ಯುನಿಟಿ ಎಡಿಶನ್. ಒಂದೊಂದು ಬದಲಾವಣೆಗೆ ಒಂದೊಂದು ಎಸ್‌ಕ್ಯೂಎಲ್ ಫೈಲ್ (ಡೇಟಾಬೇಸಿಗೆ ಕೊಡುವ ಆದೇಶಗಳ ಫೈಲ್), ಹೆಸರಿನಲ್ಲೇ ನಂಬರ್. ಯಾವ್ಯಾವ ಫೈಲ್ ಓಡಿದೆ ಅಂತ ಆಯಾ ಡೇಟಾಬೇಸಿನ ಒಳಗೇ ಒಂದು ಟೇಬಲ್‌ನಲ್ಲಿ ಬರೆದಿಡುತ್ತದೆ. ಹಾಗಾಗಿ ಟೆಸ್ಟ್ 43ರಲ್ಲಿದ್ದು ಲೈವ್ 41ರಲ್ಲಿದ್ದರೆ ಇನ್ಫೋ ಕಮಾಂಡಿನಲ್ಲೇ ಗೊತ್ತಾಗುತ್ತದೆ, ಮೈಗ್ರೇಟ್ ಕೊಟ್ಟರೆ ಬಾಕಿ ಎರಡು ಮಾತ್ರ ಓಡುತ್ತವೆ.

ನನಗೆ ತುಂಬಾ ಹಿಡಿಸಿದ್ದು ಚೆಕ್‌ಸಮ್, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕಹಾಕಿ ಇಟ್ಟುಕೊಳ್ಳುವ ಗುರುತಿನ ಸಂಖ್ಯೆ. ಓಡಿ ಮುಗಿದ ಫೈಲನ್ನು ಯಾರಾದರೂ ತಿದ್ದಿದರೆ ಮುಂದಿನ ಸಲ ಅಲ್ಲೇ ನಿಂತುಬಿಡುತ್ತದೆ. ಹೊಸ ಹುಡುಗ 38ನೇ ಫೈಲಿನಲ್ಲಿ ಕಾಲಂ ಉದ್ದವನ್ನು 50ರಿಂದ 100 ಮಾಡಿದ್ದ, ಟೆಸ್ಟ್‌ನಲ್ಲೇ ಸಿಕ್ಕಿಬಿತ್ತು. ಆಗ ಸುಮ್ನೆ ರಿಪೇರ್ ಕಮಾಂಡ್ ಕೊಟ್ಟುಬಿಡಬೇಡಿ. ಅದು ದಾಖಲೆಯಲ್ಲಿರುವ ಚೆಕ್‌ಸಮ್ ಸರಿಮಾಡುತ್ತದೆ, ಟೇಬಲ್ ಮಾತ್ರ ಹಳೆಯದೇ ಉಳಿಯುತ್ತದೆ. 100 ಬೇಕಿದ್ದರೆ ಹೊಸ ನಂಬರಿನ ಫೈಲ್ ಬರೆಯಬೇಕು.

ಮೈಎಸ್‌ಕ್ಯೂಎಲ್ ಬಳಸುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ಅಲ್ಲಿ ಟೇಬಲ್ ಬದಲಾಯಿಸಿದ ಕೂಡಲೇ ಕಮಿಟ್ ಆಗಿಬಿಡುತ್ತದೆ, ಅಂದರೆ ಬದಲಾವಣೆ ಕಾಯಂ ಆಗುತ್ತದೆ. ಒಂದೇ ಫೈಲಿನಲ್ಲಿ ಮೂರು ಬದಲಾವಣೆ ಬರೆದು ಎರಡನೆಯದು ಕೆಟ್ಟರೆ, ಮೊದಲನೆಯದು ಹಿಂದಕ್ಕೆ ಹೋಗುವುದಿಲ್ಲ, ಅರ್ಧಂಬರ್ಧ ನಿಂತಿರುತ್ತದೆ. ಅದಕ್ಕೇ ನಮ್ಮಲ್ಲಿ ಫೈಲಿಗೆ ಒಂದೇ ಬದಲಾವಣೆ. ಇನ್ನೊಂದು, ಫೈಲಿನ ಹೆಸರು ಇಂಗ್ಲಿಷಿನ ದೊಡ್ಡ ವಿ (V) ಅಕ್ಷರದಿಂದ ಶುರುವಾಗಬೇಕು; ಅದರ ಬದಲು ಚಿಕ್ಕ ವಿ (v) ಹಾಕಿದರೆ ಫ್ಲೈವೇ ಆ ಫೈಲನ್ನು ಏನೂ ಹೇಳದೆ ಬಿಟ್ಟು ಮುಂದೆ ಹೋಗುತ್ತದೆ. ಇದು ನನಗೆ ಇಷ್ಟವಾಗಲಿಲ್ಲ. ಹೆಸರು ಪರೀಕ್ಷಿಸುವ ಸೆಟ್ಟಿಂಗ್ ಇದೆ, ಮೊದಲ ದಿನವೇ ಆನ್ ಮಾಡಿ.

ಅನ್‌ಡೂ, ಅಂದರೆ ಮಾಡಿದ ಬದಲಾವಣೆಯನ್ನು ಹಿಂದಕ್ಕೆ ತರುವ ಕಮಾಂಡ್, ಬೇಕಾದರೆ ದುಡ್ಡು ಕೊಡಬೇಕು. ನಮಗೆ ಅದು ಬೇಕು ಅನಿಸಿಲ್ಲ. ಕಾಲಂ ತೆಗೆದ ಮೇಲೆ ಅದರೊಳಗಿದ್ದ ಲೆಕ್ಕ ಅನ್‌ಡೂ ಮಾಡಿದರೆ ವಾಪಸ್ ಬರುತ್ತದಾ? ಇಲ್ಲ ಅಲ್ವಾ. ನಾವು ಹೊಸ ಕಾಲಂ ಸೇರಿಸಿ, ಸ್ವಲ್ಪ ದಿನ ಎರಡಕ್ಕೂ ಬರೆದು, ಹಳೆಯದನ್ನು ಸೀಸನ್ ಮುಗಿದ ಮೇಲೆ ತೆಗೆಯುತ್ತೇವೆ.

ನಡೆಯುತ್ತಿರುವ ಡೇಟಾಬೇಸಿಗೆ ಫ್ಲೈವೇ ಹಾಕುವವರು ಮೊದಲು ಬೇಸ್‌ಲೈನ್ ಕಮಾಂಡ್ ಕೊಡಬೇಕು, ಈಗಿರುವ ಸ್ಥಿತಿಯೇ ಆರಂಭ ಅಂತ ಗುರುತು ಹಾಕುವುದು ಅದು. ಬೇಸ್‌ಲೈನ್ ಏನನ್ನೂ ಹೋಲಿಸಿ ನೋಡುವುದಿಲ್ಲ, ಆದ್ದರಿಂದ ಅದಕ್ಕೂ ಮುಂಚೆ ಟೆಸ್ಟ್ ಮತ್ತು ಲೈವ್ ಎರಡರ ಸ್ಕೀಮಾ (ಟೇಬಲ್, ಕಾಲಂಗಳ ರಚನೆ) ತೆಗೆದು ನೀವೇ ಸಾಲುಸಾಲಾಗಿ ಹೋಲಿಸಿ. ನಮ್ಮಲ್ಲಿ ಆರು ಕಡೆ ವ್ಯತ್ಯಾಸ ಸಿಕ್ಕಿತು. ಮಳೆಗಾಲದಲ್ಲಿ, ಗೇಟಿಗೆ ಗಾಡಿ ಬರದ ಸಮಯ ನೋಡಿ, ಎಲ್ಲವನ್ನೂ ಸರಿಮಾಡಿ ಆಮೇಲೆ ಶುರು ಮಾಡಿದೆವು.